ದಿಬ್ಬದ ಜನ

ಇಪ್ಪತ್ತೆಂಟು ವರ್ಷ ನಾನು ಫುಟ್‌ಬಾಲ್ ಮೈದಾನ ನೋಡಿಕೊಂಡೆ. ಮೊದಲ ಇಪ್ಪತ್ತು ವರ್ಷ ಪೀಣ್ಯದ ಒಂದು ಕಾರ್ಖಾನೆಯ ಮಣ್ಣಿನ ಮೈದಾನ, ಕೊನೆಯ ಎಂಟು ವರ್ಷ ಹೆಬ್ಬಗೋಡಿಯ ಆಚೆ ಒಂದು ಕಂಪನಿ ಕಟ್ಟಿಸಿದ ಹೊಸ ಕ್ರೀಡಾಂಗಣ. ತಂಡ ಒಂದೇ, ನಾನೂ ಒಬ್ಬನೇ. ಉಳಿದದ್ದೆಲ್ಲ ಬದಲಾಯಿತು. ಈಗ ಈ ಕೆಲಸಕ್ಕೆ ಸೇರುವವರು ಹುಲ್ಲಿನ ಬಗ್ಗೆ ತರಬೇತಿ ಪಡೆದು ಬರುತ್ತಾರೆ, ಯಂತ್ರಗಳ ಹೆಸರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರಿಗೆ ನಾನು ಕಲಿಸಬೇಕಾದದ್ದು ಹೆಚ್ಚಿಲ್ಲ. ಆದರೆ ನಾನು ಕಂಡ ಕೆಲವನ್ನು ಅವರು ಇನ್ನು ಕಾಣಲಾರರು. ಅದಕ್ಕಾಗಿ ಬರೆಯುತ್ತಿದ್ದೇನೆ.

ಪೀಣ್ಯದ ಆ ಮೈದಾನ ನಮ್ಮೂರಿನವರು ಹಿಂದೆ ಹುರುಳಿ ಬಿತ್ತುತ್ತಿದ್ದ ಜಾಗ. ಕಾರ್ಖಾನೆಯ ತಳಪಾಯ ತೋಡಿದಾಗ ಬಂದ ಮಣ್ಣನ್ನು ಪಶ್ಚಿಮದ ಅಂಚಿಗೆ ಸುರಿದಿದ್ದರು. ಅದು ಆಳೆತ್ತರದ ಉದ್ದನೆಯ ದಿಬ್ಬವಾಗಿ ಉಳಿದುಕೊಂಡಿತ್ತು. ದಿಬ್ಬದ ನೆತ್ತಿಯಲ್ಲಿ ಸಾಲಾಗಿ ಹೊಂಗೆ ಮರಗಳು. ನೋಡುವವರಿಗೆ ಬೇರೆ ಆಸನ ಇರಲಿಲ್ಲ, ಬೇಕೆಂದು ಯಾರೂ ಕೇಳಲೂ ಇಲ್ಲ. ಎರಡೂವರೆಗೆ ಮೊದಲ ಪಾಳಿ ಬಿಡುತ್ತಿತ್ತು, ನಾಲ್ಕಕ್ಕೆ ಆಟ. ನಡುವಿನ ಹೊತ್ತಿನಲ್ಲಿ ದಿಬ್ಬ ತುಂಬುವುದನ್ನು ನೋಡುವುದೇ ನನಗೊಂದು ಸೊಗಸು. ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ನಮ್ಮ ಕಾರ್ಖಾನೆಯವರು ಬರುತ್ತಿದ್ದರು. ಹಿಂದೆಯೇ ಪಕ್ಕದ ಫೌಂಡ್ರಿಯವರು, ಸ್ಪ್ರಿಂಗ್ ಮಾಡುವವರು, ಬಣ್ಣ ಹೊಡೆಯುವವರು.

ನಮ್ಮ ಆಟಗಾರರೆಲ್ಲ ಕಾರ್ಖಾನೆಯ ನೌಕರರು. ಬೆಳಿಗ್ಗೆ ಪಕ್ಕದ ಯಂತ್ರದ ಮುಂದೆ ನಿಂತಿದ್ದವನು ಸಂಜೆ ಬೂಟು ಕಟ್ಟಿ ಇಳಿಯುತ್ತಿದ್ದ. ಹಾಗಾಗಿ ದಿಬ್ಬದ ಮೇಲಿನವರಿಗೆ ಆಟಗಾರರ ಗುಟ್ಟೆಲ್ಲ ಗೊತ್ತು. ಯಾರ ಮಂಡಿ ನೋಯುತ್ತಿದೆ, ಯಾರ ಮನೆಯಲ್ಲಿ ಮಗುವಿಗೆ ಜ್ವರ, ಯಾರು ಬೆಳಿಗ್ಗೆ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡ, ಎಲ್ಲವೂ ಕೂಗಿನಲ್ಲೇ ಬರುತ್ತಿತ್ತು. "ಬೆಳಿಗ್ಗೆ ಸಾಹೇಬ್ರ ಮುಂದೆ ಅಷ್ಟು ಬಗ್ಗಿದ್ಯಲ್ಲೋ, ಈಗ ಚೆಂಡಿಗೂ ಒಸಿ ಬಗ್ಗು!" ಎಂದು ಒಬ್ಬರು ಕೂಗಿದರೆ ದಿಬ್ಬವೆಲ್ಲ ನಗುತ್ತಿತ್ತು, ಆಟಗಾರನೂ ನಗುತ್ತಿದ್ದ.

ನನ್ನ ದೊಡ್ಡ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ಗೆರೆ ಎಳೆಯಲು ನಾವು ಬಿಳಿ ಚಾಕ್ ಪುಡಿ ಬಳಸುತ್ತಿದ್ದೆವು. ಒಂದು ಶನಿವಾರ ಗೋಲಿನ ಮುಂದಿನ ಚೌಕ ಬಾಕಿ ಇರುವಾಗಲೇ ಪುಡಿ ಮುಗಿಯಿತು. ಪಕ್ಕದಲ್ಲಿ ಹೊಸ ಶೆಡ್ ಕಟ್ಟುತ್ತಿದ್ದರು. ಅಲ್ಲಿಂದ ಅರ್ಧ ಚೀಲ ಸುಣ್ಣದ ಪುಡಿ ತಂದು ಎಳೆದುಬಿಟ್ಟೆ. ಬಿಳಿ ಬಿಳಿಯೇ ತಾನೇ ಅಂದುಕೊಂಡೆ. ಆಟ ಶುರುವಾಗುವ ಮುಂಚೆ ಒಂದು ಹದ ಮಳೆ ಬಿತ್ತು.

ನಮ್ಮ ಗೋಲ್‌ಕೀಪರ್ ಸೆಲ್ವಂ, ಗ್ರೈಂಡಿಂಗ್ ವಿಭಾಗದವನು, ಆಗ ಇಪ್ಪತ್ತೆರಡು ವರ್ಷದವನು. ಕೆಳಗೆ ಬಂದ ಚೆಂಡಿಗೆ ಮುಖ ಅಡಿಯಾಗಿ ಹಾರಿ, ಸರಿಯಾಗಿ ಆ ಗೆರೆಯ ಮೇಲೇ ಬಿದ್ದ. ಎದ್ದವನು ಎರಡೂ ಕೈಯಲ್ಲಿ ಬಲಗಣ್ಣು ಹಿಡಿದು ಕಿರುಚಿದ. ಎಲ್ಲರೂ ಓಡಿದೆವು. ಒಬ್ಬ ಟವೆಲ್‌ನಿಂದ ಉಜ್ಜಲು ಹೊರಟ. ಅಷ್ಟರಲ್ಲಿ ದಿಬ್ಬದ ಮೇಲಿಂದ ಒಂದು ಹೆಣ್ಣಿನ ದನಿ ಸಿಡಿಲಿನಂತೆ ಬಂತು.

"ಏ, ಉಜ್ಜಬ್ಯಾಡ್ರೋ! ಅದು ಸುಣ್ಣ ಐತಿ! ಕೈ ತೆಗೀರಿ!"

ಶೆಡ್ ಕಟ್ಟುವ ಕೆಲಸಕ್ಕೆ ಕೊಪ್ಪಳದ ಕಡೆಯಿಂದ ಬಂದಿದ್ದ ಬಸಮ್ಮ ಅವಳು. ಕೆಲಸ ಮುಗಿದ ಮೇಲೆ ಸುಮ್ಮನೆ ದಿಬ್ಬದ ಮೇಲೆ ಕೂತಿದ್ದಳಂತೆ, ಆಟ ಏನೆಂದೂ ಅವಳಿಗೆ ಗೊತ್ತಿರಲಿಲ್ಲ. ಕುಡಿಯುವ ನೀರಿನ ಕೊಡ ಎತ್ತಿಕೊಂಡು ನೇರ ಮೈದಾನದೊಳಗೆ ಓಡಿ ಬಂದಳು. ಸೆಲ್ವಂನ ತಲೆಯನ್ನು ತನ್ನ ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ, ಸಣ್ಣ ಧಾರೆಯಲ್ಲಿ ನೀರು ಬಿಟ್ಟಳು. ಅವನು ಒದ್ದಾಡಿದ. ಅವಳು ಬಿಡಲಿಲ್ಲ.

"ಕಣ್ ಬಿಡೋ ಯಪ್ಪಾ, ಕಣ್ ಬಿಡು. ಉರೀತೈತಿ, ಗೊತ್ತೈತಿ. ಬಿಡು. ಇನ್ನೊಂದ್ ಕೊಡ ತರ್ರಿ!"

ಇನ್ನೊಂದು ಕೊಡ, ಮತ್ತೊಂದು ಕೊಡ. ಆಂಬುಲೆನ್ಸ್ ಬರುವವರೆಗೂ ನೀರು ನಿಲ್ಲಿಸಲಿಲ್ಲ. ಎರಡೂ ತಂಡದವರು, ರೆಫರಿ, ದಿಬ್ಬದ ಅಷ್ಟೂ ಜನ ಸುತ್ತ ನಿಂತು ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಇಷ್ಟೇ: ನೀರು ಹಾಕಿದವರು ಯಾರೋ, ಕಣ್ಣು ಉಳಿಸಿದವರು ಅವರೇ.

ನಮ್ಮ ಕ್ರೀಡಾ ಅಧಿಕಾರಿ ಸ್ಟ್ಯಾನ್ಲಿ ಸಾರ್ ಸೋಮವಾರ ಕರೆಸಿದರು. ಕೆಲಸ ಹೋಯಿತೆಂದೇ ನಿಂತಿದ್ದೆ. ಅವರು ನನ್ನನ್ನು ಮೈದಾನಕ್ಕೆ ಕರೆದೊಯ್ದು ಗೆರೆಯ ಮುಂದೆ ನಿಲ್ಲಿಸಿದರು.

"ಹನುಮಂತರಾಯಪ್ಪ, ಆಟಗಾರ ಎಲ್ಲಿ ಬೀಳ್ತಾನೆ ಅಂತ ನಿಂಗೊತ್ತಾ?"

"ಇಲ್ಲ ಸಾರ್."

"ನಂಗೂ ಗೊತ್ತಿಲ್ಲ. ಅದಕ್ಕೇ, ಇನ್ಮೇಲೆ ಪ್ರತಿ ಮ್ಯಾಚಿಗೆ ಮುಂಚೆ ನೀನು ಎಳೆದ ಗೆರೆ ಮೇಲೆ ನಿನ್ನ ಕೆನ್ನೆ ಇಟ್ಟು ನೋಡು. ನಿಂಗೆ ಉರಿದ್ರೆ ಅವರಿಗೂ ಉರಿಯುತ್ತೆ."

ಅಷ್ಟೇ ಶಿಕ್ಷೆ. ನಿವೃತ್ತಿಯಾಗುವ ದಿನದವರೆಗೂ ನಾನು ಹಾಗೆ ಕೆನ್ನೆ ಇಟ್ಟು ನೋಡಿದ್ದೇನೆ. ಹೊಸ ಕ್ರೀಡಾಂಗಣದಲ್ಲಿ ಇದನ್ನು ಕಂಡು ನಗುತ್ತಿದ್ದರು. ನಗಲಿ. ಕೆಲಸಕ್ಕೆ ಸೇರುವವರಿಗೆ ನಾನು ಹೇಳುವ ಒಂದೇ ಒಂದು ಪಾಠ ಇದು.

ಬಸಮ್ಮ ಆಮೇಲೆ ಪೀಣ್ಯದ ಒಂದು ಪಂದ್ಯವನ್ನೂ ಬಿಡಲಿಲ್ಲ. ಶೆಡ್ ಕೆಲಸ ಮುಗಿದಾಗ ಊರಿಗೆ ಹೋಗುತ್ತಾಳೆ ಅಂದುಕೊಂಡಿದ್ದೆವು. ಅವಳು ಗಾರ್ಮೆಂಟ್ಸ್‌ಗೆ ಸೇರಿ, ಲಗ್ಗೆರೆಯಲ್ಲಿ ಒಂದು ರೂಮು ಹಿಡಿದು ಉಳಿದುಬಿಟ್ಟಳು. ಸೆಲ್ವಂನನ್ನು ಅವಳು ಹೆಸರು ಹಿಡಿದು ಕರೆದದ್ದೇ ಇಲ್ಲ, "ನಮ್ಮ ಗೋಲಿ" ಎನ್ನುತ್ತಿದ್ದಳು. ಎದುರಾಳಿ ಚೆಂಡು ತಂದು ಗೋಲಿನ ಹತ್ತಿರ ಬಂದಾಗ ಇಡೀ ದಿಬ್ಬ ಒಂದು ಕ್ಷಣ ಸುಮ್ಮನಾಗುತ್ತಿತ್ತು. ಅವಳ ದನಿಗೆ ಜಾಗ ಬಿಡುತ್ತಿದ್ದರು. "ಗೋಲಿ, ಕಣ್ ಬಿಡೋ ಯಪ್ಪಾ!" ಎಂದು ಅವಳು ಕೂಗುತ್ತಿದ್ದಳು. ಸೆಲ್ವಂನ ಮಾತೃಭಾಷೆ ತಮಿಳು, ಅವಳದು ಕೊಪ್ಪಳದ ಕನ್ನಡ. ಆ ಕೂಗು ಮಾತ್ರ ಅವನ ಬೆನ್ನೆಲುಬಿಗೇ ಅರ್ಥವಾಗುತ್ತಿತ್ತು. ನಾನು ಗೋಲಿನ ಹಿಂದೆ ಕೂತಿರುತ್ತಿದ್ದವನು, ಅವನ ಹೆಗಲು ಬಿಗಿಯುವುದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ದಿನ ಮರೆಯಲಾರೆ. ಅದು ಆ ವರ್ಷದ ಕೊನೆಯ ಪಂದ್ಯ. ಸೋತರೆ ಕೆಳಗಿನ ಡಿವಿಷನ್‌ಗೆ ಇಳಿಯುತ್ತೇವೆ. ಮೈದಾನ ಆಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ನಮ್ಮ ಮೈದಾನವಾದ್ದರಿಂದ, ಅಂಕವೆಲ್ಲ ಎದುರಿನವರಿಗೆ. ಮಧ್ಯಾಹ್ನ ಒಂದು ಗಂಟೆಗೆ ಶುರುವಾದ ಮಳೆ ಎರಡೂವರೆಗೆ ನಿಂತಿತು. ಮೈದಾನದ ನಡುವೆ ಕಣಕಾಲು ಮುಳುಗುವಷ್ಟು ನೀರು. ರೆಫರಿ ಬಂದು ಚೆಂಡನ್ನು ಎದೆಯೆತ್ತರದಿಂದ ಬಿಟ್ಟರು. ಚೆಂಡು ಪಚ್ಚನೆ ಬಿದ್ದು ತೇಲಿತು.

"ನಾಲ್ಕೂವರೆಗೆ ಮತ್ತೆ ನೋಡ್ತೀನಿ. ಪುಟಿದರೆ ಆಟ, ಇಲ್ಲಾಂದ್ರೆ ಇಲ್ಲ," ಎಂದರು.

ನನ್ನ ಹತ್ತಿರ ಇದ್ದದ್ದು ಎರಡು ಗುದ್ದಲಿ, ನಾಲ್ಕು ಪೊರಕೆ, ಒಬ್ಬ ಜೊತೆಯವನು. ಸ್ಟ್ಯಾನ್ಲಿ ಸಾರ್ ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟು ಹೊತ್ತಿಗೆ ಪಾಳಿ ಬಿಟ್ಟಿತು.

ಯಾರೂ ಯಾರಿಗೂ ಅಪ್ಪಣೆ ಕೊಟ್ಟದ್ದನ್ನು ನಾನು ಕೇಳಲಿಲ್ಲ. ಮೊದಲು ಬಂದವರು ನೀರು ನೋಡಿ ವಾಪಸ್ ಹೋದರು. ಮನೆಗೆ ಹೋದರು ಅಂದುಕೊಂಡೆ. ಐದು ನಿಮಿಷಕ್ಕೆ ಕೈಗಾಡಿಗಳಲ್ಲಿ ಫೌಂಡ್ರಿಯ ಒಣ ಮರಳು ಬಂತು. ಯಂತ್ರ ಒರೆಸುವ ಹತ್ತಿಯ ವೇಸ್ಟ್ ಮೂಟೆಮೂಟೆಯಾಗಿ ಬಂತು. ಸೋಫಾ ಮಾಡುವ ಶೆಡ್ಡಿನವರು ಸ್ಪಂಜಿನ ಹಾಳೆ ಹೊತ್ತು ತಂದರು. ಬಸಮ್ಮ ಹಳೆಯ ಗಾರೆ ಕೆಲಸದ ಹೆಂಗಸರನ್ನು ಕೂಡಿಸಿಕೊಂಡು ಬಾಂಡ್ಲಿಗಳ ಸಮೇತ ಬಂದು, ಮಧ್ಯದಿಂದ ಚರಂಡಿಯವರೆಗೆ ಸಾಲು ನಿಲ್ಲಿಸಿದಳು. ನೀರು ಕೈಯಿಂದ ಕೈಗೆ ಹೋಯಿತು. ಇನ್ನೂರು, ಮುನ್ನೂರು ಜನ ಇದ್ದರೇನೋ. ಕೆಲವರು ಅಂಗಿ ಬಿಚ್ಚಿ ನೆಲಕ್ಕೆ ಒತ್ತಿ ಹಿಂಡುತ್ತಿದ್ದರು. ಎದುರು ತಂಡದ ಆಟಗಾರರು ಬಸ್ಸಿನಲ್ಲಿ ಕೂತು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರಲ್ಲಿ ಮೂವರು ಇಳಿದು ಬಂದು ಸ್ಪಂಜು ಕೈಗೆತ್ತಿಕೊಂಡರು. ಆಟ ನಡೆದರೆ ನಷ್ಟ ಅವರಿಗೇ. ಆದರೂ ಬಂದರು.

ನಾಲ್ಕೂವರೆಗೆ ರೆಫರಿ ಚೆಂಡು ಬಿಟ್ಟರು. ಅದು ಮೊಣಕಾಲೆತ್ತರಕ್ಕೆ ಪುಟಿಯಿತು. ಆಗ ಎದ್ದ ಕೂಗಿಗೆ ಹೊಂಗೆ ಮರದ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಆ ದಿನ ಒಂದು ಗೋಲೂ ಆಗಲಿಲ್ಲ, ಸಮವಾಯಿತು, ನಮಗೆ ಅಷ್ಟೇ ಸಾಕಿತ್ತು. ಆಟದಲ್ಲಿ ಏನಾಯಿತೆಂದು ಕೇಳಿದರೆ ಈಗ ನೆನಪಿಲ್ಲ. ಆ ಎರಡು ಗಂಟೆ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ ಕಾರ್ಖಾನೆಗೆ ತಂಡ ಭಾರವಾಯಿತು. ಹೊಸ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ನಿಂತಿತು. ಕೊನೆಗೆ ಒಂದು ಕಂಪನಿ ತಂಡವನ್ನು ಕೊಂಡುಕೊಂಡಿತು. ಸ್ಟ್ಯಾನ್ಲಿ ಸಾರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಸುದ್ದಿ ಕೇಳಿ ದಿಬ್ಬದವರು ದುಃಖಪಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಕುಣಿದಾಡಿದರು. ನಮ್ಮ ತಂಡ ಟೀವಿಯಲ್ಲಿ ಬರುತ್ತದೆ, ದೊಡ್ಡ ಆಟಗಾರರು ಬರುತ್ತಾರೆ ಎಂದು ಸಿಹಿ ಹಂಚಿದರು. ಪೀಣ್ಯದಲ್ಲಿ ಆಡಿದ ಕೊನೆಯ ಪಂದ್ಯಕ್ಕೆ ಕಂಪನಿಯವರು ಕೋಲಿಗೆ ಕಟ್ಟಿದ ಮೈಕುಗಳನ್ನು ಹಿಡಿದು ದಿಬ್ಬದ ಉದ್ದಕ್ಕೂ ಓಡಾಡಿದರು. "ಜೋರಾಗಿ ಕೂಗಿ ಸಾರ್, ಜೋರಾಗಿ ಅಕ್ಕಾ" ಎಂದರು. ಜನ ಹಿಂದೆಂದೂ ಕೂಗದ ಹಾಗೆ ಕೂಗಿದರು.

ಹೆಬ್ಬಗೋಡಿಯ ಆಚೆಯ ಹೊಸ ಕ್ರೀಡಾಂಗಣವನ್ನು ನಾನು ಮೊದಲು ಕಂಡ ದಿನ ಬಾಗಿಲಲ್ಲೇ ನಿಂತುಬಿಟ್ಟೆ. ಇಷ್ಟು ಹಸಿರನ್ನು ನಾನು ಕಂಡಿರಲಿಲ್ಲ. ಮುಟ್ಟಿ ನೋಡಿದೆ, ಪ್ಲಾಸ್ಟಿಕ್. ಎಳೆಗಳ ನಡುವೆ ಸಾಸಿವೆಯಷ್ಟು ರಬ್ಬರ್ ಕಾಳು. ಕೆಳಗೆ ಜಲ್ಲಿ, ಅದರ ಕೆಳಗೆ ಕೊಳವೆ. ಮೊದಲ ಜೋರು ಮಳೆಯಲ್ಲಿ ನಾನು ಕೊಡೆ ಹಿಡಿದು ಅಂಚಿನಲ್ಲಿ ಕಾದು ನಿಂತೆ. ನೀರು ನಿಲ್ಲಲೇ ಇಲ್ಲ. ಮಳೆ ಬಿಟ್ಟು ಹತ್ತು ನಿಮಿಷಕ್ಕೆ ಚೆಂಡು ಪುಟಿಯುತ್ತಿತ್ತು. ಇದನ್ನು ಯೋಚಿಸಿ ಕಟ್ಟಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ, ಈಗಲೂ ಮುಗಿಯುತ್ತೇನೆ. ಗೆರೆಗಳು ನೇಯ್ದೇ ಬಂದಿದ್ದವು. ಗುದ್ದಲಿ, ರೋಲರ್, ಪುಡಿ ಯಾವುದೂ ಬೇಡ. ಎಳೆಗಳನ್ನು ಯಂತ್ರದಿಂದ ಬಾಚುವುದು, ಬಿಸಿಲಿಗೆ ಕಾದ ನೆಲಕ್ಕೆ ಆಟದ ಮುಂಚೆ ನೀರು ಹಾಯಿಸಿ ತಣಿಸುವುದು, ಇವೇ ನನ್ನ ಕೆಲಸ.

ಹೊಸ ಮ್ಯಾನೇಜರ್ ನಿಖಿಲ್ ಸಾರ್ ನನ್ನ ಮಗನ ವಯಸ್ಸಿನವರು. ಏರುದನಿಯಲ್ಲಿ ಮಾತಾಡಿದವರಲ್ಲ. ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ತಂಡಕ್ಕೆ ಹೊಸ ಹೆಸರು ಇಟ್ಟರು, ಕೆಂಪು ಮಣ್ಣಿನ ಬಣ್ಣದ ಅಂಗಿ ಹೋಗಿ ಹೊಳೆಯುವ ನೀಲಿ ಬಂತು. ಎರಡು ವರ್ಷಕ್ಕೆ ಪ್ರಾಯೋಜಕರು ಬದಲಾದಾಗ ಹೆಸರೂ ಮತ್ತೆ ಬದಲಾಯಿತು. ಹಳೆಯ ಆಟಗಾರರಲ್ಲಿ ಸೆಲ್ವಂ ಒಬ್ಬನೇ ಉಳಿದ, ಗೋಲ್‌ಕೀಪರ್‌ಗಳ ಕೋಚ್ ಆಗಿ.

ಮೊದಲ ಪಂದ್ಯಕ್ಕೆ ದಿಬ್ಬದ ಜನ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಎರಡು ಗಂಟೆಗೂ ಮೀರಿ ಪ್ರಯಾಣ ಮಾಡಿ ಬಂದಿದ್ದರು. ತಮಟೆ ಒಳಗೆ ಬಿಡುವುದಿಲ್ಲ, ನೀರಿನ ಬಾಟಲಿ ಬಿಡುವುದಿಲ್ಲ, ಬುತ್ತಿ ಬಿಡುವುದಿಲ್ಲ. ಒಟ್ಟಿಗೆ ಬಂದವರ ಸೀಟುಗಳು ನಾಲ್ಕು ಕಡೆ ಹಂಚಿಹೋಗಿದ್ದವು. ಎದ್ದು ನಿಂತರೆ ಹಿಂದಿನವರಿಗೆ ಕಾಣುವುದಿಲ್ಲವೆಂದು ಕೂರಿಸಿದರು. ಎರಡನೇ ಪಂದ್ಯಕ್ಕೆ ಅರ್ಧ ಜನ ಬಂದರು, ನಾಲ್ಕನೆಯದಕ್ಕೆ ಬೆರಳೆಣಿಕೆ. ಬಸಮ್ಮನ ವಾರದ ರಜೆ ಹೊಸ ಆಟದ ದಿನಗಳಿಗೆ ಹೊಂದುತ್ತಿರಲಿಲ್ಲ. ಅವಳು ಮೊದಲ ಸಲ ಬಂದದ್ದು ಆ ವರ್ಷದ ಕೊನೆಯಲ್ಲಿ.

ಗೇಟಿನಲ್ಲಿ ಅವಳನ್ನು ತಡೆದಿದ್ದಾರೆಂದು ಯಾರೋ ಬಂದು ಹೇಳಿದರು. ಓಡಿದೆ. ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು, ಸೆಲ್ವಂಗೆಂದು ರೊಟ್ಟಿ, ಶೇಂಗಾ ಚಟ್ನಿ. ನಾನು ನಿಖಿಲ್ ಸಾರ್‌ಗೆ ಹೇಳಿದೆ, ಕಣ್ಣಿನ ಕಥೆಯನ್ನೂ ಹೇಳಿದೆ.

"ಇವ್ರನ್ನ ಗೇಟಲ್ಲಿ ನಿಲ್ಸಿದಾರಾ? ಬನ್ನಿ ಅಮ್ಮ, ನೀವು ನಮ್ಮ ಗೆಸ್ಟು," ಎಂದು ತಾವೇ ಕರೆದೊಯ್ದು, ಎಲ್ಲಕ್ಕಿಂತ ಮೇಲಿನ ಗಾಜಿನ ಕೋಣೆಯಲ್ಲಿ, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಏಸಿ ಇತ್ತು. ಟೀ ತಂದುಕೊಟ್ಟರು. ಅದಕ್ಕಿಂತ ದೊಡ್ಡ ಮರ್ಯಾದೆ ಅವರ ಕೈಯಲ್ಲಿ ಇರಲಿಲ್ಲ. ಅದನ್ನು ನಾನು ಒಪ್ಪುತ್ತೇನೆ.

ನಾನು ಕೆಳಗೆ ನನ್ನ ಜಾಗಕ್ಕೆ ಬಂದೆ. ದ್ವಿತೀಯಾರ್ಧದಲ್ಲಿ ಎದುರಿನವರು ಚೆಂಡು ತೆಗೆದುಕೊಂಡು ನಮ್ಮ ಗೋಲಿನ ಕಡೆ ನುಗ್ಗಿದರು. ಆಗ, ಜನ ಕಡಿಮೆಯಾದರೆಂದು ಆ ವಾರವಷ್ಟೇ ಸುತ್ತಲೂ ಹಾಕಿಸಿದ್ದ ಸ್ಪೀಕರ್‌ಗಳಿಂದ ಸಾವಿರ ಜನರ ಗದ್ದಲ ಎದ್ದಿತು, ಅದರ ನಡುವಿನಿಂದ ಒಂದು ಹೆಣ್ಣಿನ ದನಿ: "ಗೋಲಿ, ಕಣ್ ಬಿಡೋ ಯಪ್ಪಾ!"

ಪೀಣ್ಯದ ಕೊನೆಯ ಪಂದ್ಯದಲ್ಲಿ ಮೈಕಿನಿಂದ ರೆಕಾರ್ಡ್ ಮಾಡಿಕೊಂಡಿದ್ದ ಕೂಗು ಅದು. ಗೋಲಿನಲ್ಲಿ ನಿಂತಿದ್ದವನು ಬೇರೆ ರಾಜ್ಯದ ಹುಡುಗ, ಅವನು ತಿರುಗಲೂ ಇಲ್ಲ. ಆದರೆ ಅಂಚಿನಲ್ಲಿ ನಿಂತಿದ್ದ ಸೆಲ್ವಂ ಗಿರ್ರನೆ ತಿರುಗಿದ. ಸ್ಪೀಕರ್ ನೋಡಿದ, ಆಮೇಲೆ ಸಾಲುಸಾಲಾಗಿ ಆಸನಗಳನ್ನು ಹುಡುಕಿದ. ನಾನು ತಲೆಯೆತ್ತಿ ಮೇಲೆ ನೋಡಿದೆ. ಬಸಮ್ಮ ಎದ್ದು ನಿಂತು ಎರಡೂ ಅಂಗೈಯಿಂದ ಗಾಜು ಬಡಿಯುತ್ತಿದ್ದಳು. ಬಾಯಿ ತೆರೆದಿತ್ತು. ಒಂದಿಷ್ಟೂ ಸದ್ದು ಕೆಳಗೆ ಬರುತ್ತಿರಲಿಲ್ಲ. ಸೆಲ್ವಂ ಅಷ್ಟು ಮೇಲೆ ನೋಡಲೇ ಇಲ್ಲ.

ಆಟ ಮುಗಿದ ಮೇಲೆ ಅವಳನ್ನು ಬಸ್‌ಸ್ಟಾಪಿನವರೆಗೆ ಬಿಡಲು ಹೋದೆ. ದಾರಿಯಲ್ಲಿ ನಿಂತು ಕೇಳಿದಳು.

"ಅಣ್ಣಾ, ನಾ ಇಲ್ಲಿ ಗಾಜಿನ್ಯಾಗ ಕುಂತೀನಿ. ನನ್ ದನಿ ಅಲ್ಲಿ ಒದರಾಕತ್ತೈತಿ. ಇವ್ರಿಗೆ ಇನ್ನ ನಾ ಯಾಕ ಬೇಕು?"

"ಬೇಜಾರ್ ಮಾಡ್ಕೋಬ್ಯಾಡ ಕಣವ್ವ," ಎಂದೆ.

"ಬ್ಯಾಸರ ಇಲ್ಲಣ್ಣ. ಅಂಜಿಕಿ ಬಂತು. ಸತ್ತ ಮ್ಯಾಲೆ ಕೇಳ್ದಂಗಾತು ನನಗ," ಎಂದು ಬಸ್ಸು ಹತ್ತಿದಳು.

ಮರುದಿನ ನಿಖಿಲ್ ಸಾರ್‌ಗೆ ಇದನ್ನೆಲ್ಲ ಹೇಳಿದೆ. ಅವರ ಮುಖ ಬಾಡಿತು. ವಾರದ ನಂತರ ಅವರೇ ಬಂದು, "ಅಣ್ಣ, ಆ ಒಂದು ದನಿ ತೆಗೆಸಿದೀನಿ. ಈಗ ಬರ್ತಾರಾ ಅವರು?" ಎಂದು ಕೇಳಿದರು. ಉಳಿದ ಗದ್ದಲ ಹಾಗೇ ಇತ್ತು, ಅವರ ಮೇಲಿನವರಿಗೆ ಅದು ಬೇಕಿತ್ತು. ಬಸಮ್ಮ ಮತ್ತೆ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಸುತ್ತಲಿನ ಕಂಪನಿಗಳ ನೌಕರರಿಗೆ ಉಚಿತ ಟಿಕೆಟ್ ಹಂಚಿ ಆಸನ ತುಂಬಿಸುತ್ತಿದ್ದರು. ಅವರಲ್ಲೂ ಆಟವನ್ನು ಪ್ರೀತಿಸುವವರಿದ್ದರು. ಆದರೆ ಅವರು ಆಟಗಾರನ ಹೆಸರು ಕಲಿಯುವಷ್ಟರಲ್ಲಿ ಅವನು ಬೇರೆ ತಂಡಕ್ಕೆ ಹೋಗಿರುತ್ತಿದ್ದ.

ನಾನು ನಿವೃತ್ತನಾಗಿ ಕೆಲವು ತಿಂಗಳಾಗಿತ್ತು. ಸೆಲ್ವಂ ಫೋನ್ ಮಾಡಿದ.

"ಹನುಮಣ್ಣ, ಸಂಡೇ ಪೀಣ್ಯಕ್ಕೆ ಬನ್ನಿ. ಏನೂ ಕೇಳ್ಬೇಡಿ, ಬನ್ನಿ ಅಷ್ಟೇ."

ಹಳೆಯ ಮೈದಾನದಲ್ಲಿ ಆಗ ಗೋದಾಮು ಎದ್ದಿತ್ತು, ದಿಬ್ಬವನ್ನೂ ಸಮ ಮಾಡಿದ್ದರು. ಸೆಲ್ವಂ ನನ್ನನ್ನು ಕೈಗಾರಿಕಾ ಪ್ರದೇಶದ ಹಿಂಬದಿಯ ಖಾಲಿ ನಿವೇಶನಕ್ಕೆ ಕರೆದೊಯ್ದ. ಗೋಲಿಗೆ ಎರಡೆರಡು ಕಲ್ಲು. ಹುಲ್ಲಿಲ್ಲ, ಗೆರೆಯಿಲ್ಲ, ಬಾವುಟವಿಲ್ಲ. ಫೌಂಡ್ರಿಯವರಿಗೂ ಗಾರ್ಮೆಂಟ್ಸ್‌ನ ಕಟಿಂಗ್ ವಿಭಾಗದವರಿಗೂ ಆಟ. ಸುತ್ತ ನಾಲ್ಕೂ ಕಡೆ ಜನ ನಿಂತಿದ್ದರು, ಎಷ್ಟೆಂದು ಅಂದಾಜಿಗೆ ಸಿಗಲಿಲ್ಲ. ರಾಯಚೂರಿನವರು, ಬಿಹಾರದವರು, ಒರಿಸ್ಸಾದವರು, ನಮ್ಮೂರಿನ ಹಳಬರು. ಸೆಲ್ವಂ ನಲವತ್ತರ ಹತ್ತಿರದ ವಯಸ್ಸಿನಲ್ಲಿ ಪ್ಯಾಂಟು ಮಡಚಿ ಕಲ್ಲುಗಳ ನಡುವೆ ಹೋಗಿ ನಿಂತ. ಎಲ್ಲಿಂದಲೋ ಆ ದನಿ ಬಂತು, ಈ ಸಲ ಗಂಟಲಿನಿಂದಲೇ. ಅವನು ನಕ್ಕು ಆ ಕಡೆಗೆ ಕೈಯೆತ್ತಿದ.

ಆಗ ನಾನು ಕಂಡದ್ದನ್ನು ಹೇಗೆ ಹೇಳಲಿ? ಚೆಂಡು ಅಂಚಿಗೆ ಬಂದಾಗ ಆ ಕಡೆಯ ಜನ, ಯಾರೂ ಹೇಳದೆ, ಒಟ್ಟಾಗಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಚೆಂಡು ಹೋದ ಮೇಲೆ ಮತ್ತೆ ಎರಡು ಹೆಜ್ಜೆ ಮುಂದೆ. ಇಡೀ ಗುಂಪು ಉಸಿರಾಡುತ್ತಿರುವ ಹಾಗೆ. ಚೆಂಡು ಹೊರಗೆ ಹೋಯಿತೋ ಇಲ್ಲವೋ ಎಂದು ಒಂದು ಜಗಳವೂ ಇಲ್ಲ. ಅಷ್ಟು ಜನರ ಕಾಲಿಗೆ ಅಂಚು ಎಲ್ಲಿದೆಯೆಂದು ಗೊತ್ತಿತ್ತು. ನಾನು ಬಾಯಿ ತೆರೆದು ನೋಡುತ್ತಾ ನಿಂತುಬಿಟ್ಟೆ.

ಪಕ್ಕದಲ್ಲಿದ್ದ ಒಬ್ಬ ಅಪರಿಚಿತ, ಮೈಯೆಲ್ಲ ಲೋಹದ ಧೂಳು ಮೆತ್ತಿದವನು, ನನ್ನ ಅಂಗಿಯ ತೋಳು ಹಿಡಿದು ಮೆಲ್ಲಗೆ ಎಳೆದ.

"ಯಜಮಾನ್ರ, ಹಿಂದ ಬರ್ರಿ. ಗೆರಿ ಮ್ಯಾಲ ನಿಂತೀರಿ."

ನಾನು ಕೆಳಗೆ ನೋಡಿದೆ. ಬರಿಯ ಮಣ್ಣು. ಹಿಂದೆ ಸರಿದು ಅವರ ಸಾಲಿನಲ್ಲಿ ನಿಂತೆ.